ನಿಂತು ತೆಗೆಸಿಕೊಂಡ ಫೋಟೋ

ಹುಣಸೆಹಣ್ಣು ಹಚ್ಚಿ ತಿಕ್ಕಿದ ಮೇಲೂ ಕುಡುಗೋಲಿನ ಹಿಡಿಯ ಬುಡದಲ್ಲಿ ಕರಿ ಕೂತೇ ಇತ್ತು. ನಿಂಬೆವ್ವ ಇನ್ನೊಂದು ಚಿಮಟಿ ಬೂದಿ ಹಾಕಿಕೊಂಡು ತಿಕ್ಕತೊಡಗಿದಳು. ಮರುದಿನ ಖಂಡೆ ಪೂಜೆ. ಮಹಾನವಮಿಗೆ ಮನೆಯ ಕಬ್ಬಿಣವೆಲ್ಲ ಮೈ ತೊಳೆದುಕೊಂಡು ಜಗಲಿಗೆ ಬರಬೇಕು ಎಂಬುದು ಸರಸಂಬಾದ ಆ ಮನೆಯ ರೂಢಿ. ಕುಡುಗೋಲು, ಕುರ್ಪಿ, ಕೊಡಲಿ, ಮಗನ ಮೋಟರಸೈಕಲ್ಲಿನ ನಟ್ಟು ಬಿಚ್ಚುವ ಪಾನಾ, ಎಲ್ಲ ಅಂಗಳದ ಬಿಸಿಲಿಗೆ ಕೂತಿದ್ದವು. ಅವುಗಳ ಪಕ್ಕದಲ್ಲಿ ಸಾಬೂನಿನ ಡಬ್ಬಿಯಷ್ಟು ದೊಡ್ಡದೊಂದು ಕರೀ ಕ್ಯಾಮೆರಾ. ಅದರ ಹಣೆಗೆ ಹೋದ ವರ್ಷದ ಕುಂಕುಮ ಒಣಗಿ ಅಂಟಿಕೊಂಡಿತ್ತು.

ಆ ಮನೆಗೆ ಸೊಸೆಯಾಗಿ ಬಂದು ಮೊದಲ ಮಹಾನವಮಿ ನೋಡುತ್ತಿದ್ದ ವಿಜಯಶ್ರೀ ಅದನ್ನು ಎತ್ತಿಕೊಂಡು ತಿರುಗಿಸಿ ನೋಡಿದಳು.

"ಅತ್ತಿ, ಇದಕ್ಕೂ ಹುಣಸೀಹಣ್ಣು ಹಚ್ಚಬೇಕೇನ್ರಿ?"

"ಹಚ್ಚು. ಮ್ಯಾಲ ಎರಡು ಹೋಳಿಗೀನೂ ತಿನ್ನಸು. ಒಣಾ ಅರಿವೀಲೆ ಒರಸು ಬೇ, ಸಾಕು. ಮುಚ್ಚಳ ಮಾತ್ರ ತಗೀಬ್ಯಾಡ."

"ಯಾಕ್ರಿ, ಒಳಗ ದೇವರು ಅದಾನೇನು?"

"ಹುಸೇನಬಿ ಅದಾಳ," ಎಂದಳು ನಿಂಬೆವ್ವ. ಅಂದ ಮೇಲೆ ಕುಡುಗೋಲು ತಿಕ್ಕುವ ಕೈ ತಾನಾಗಿ ನಿಂತಿತು.

ಹುಸೇನಬಿ ಜೇವರ್ಗಿಯವಳು. ಅವಳ ಮಗಳು ಅಜೀಜಾಬಿ ಸರಸಂಬಾಕ್ಕೆ ಮದುವೆಯಾಗಿ ಬಂದು, ನಿಂಬೆವ್ವನ ಗೋಡೆಗೆ ಗೋಡೆ ಹಚ್ಚಿದ ಮನೆಯಲ್ಲಿ ಸಂಸಾರ ಮಾಡಿದವಳು. ಗಂಡ ಖಾದರಸಾಬ ಟೇಲರ್. ಒಬ್ಬಳ ಮನೆಯ ರೊಟ್ಟಿ ಹಂಚಿಗೆ ಇನ್ನೊಬ್ಬಳ ಮನೆಯ ಬೆಂಕಿ ಎನ್ನುವಂತೆ ಇದ್ದರು ಇಬ್ಬರೂ. ಜೇವರ್ಗಿಯ ಕನ್ನಡ ಶಾಲೆಯಲ್ಲಿ ನಾಲ್ಕನೇ ಇಯತ್ತೆಯ ತನಕ ಕಲಿತಿದ್ದ ಅಜೀಜಾಬಿಯೇ ಒಲೆಯ ಮುಂದೆ ಬೂದಿ ಹರವಿ ನಿಂಬೆವ್ವನಿಗೆ ಅಕ್ಷರ ತಿದ್ದಿಸಿದ್ದಳು. ರೆಡಿಮೇಡ್ ಅಂಗಿಗಳು ಬಂದು ಖಾದರಸಾಬನ ಮಷೀನು ಸುಮ್ಮನಾದಾಗ ಅವನಿಗೆ ಭಿವಂಡಿಯ ಮಗ್ಗದ ಕಾರ್ಖಾನೆಯಿಂದ ಕರೆ ಬಂತು. ಬಂದ ಕರೆ ಒಮ್ಮೆಲೇ ಬಂತು; ಜೇವರ್ಗಿಗೆ ಹೋಗಿ ತಾಯಿಯ ಮುಖ ನೋಡಿ ಬರಲಿಕ್ಕೂ ಪುರಸತ್ತಿರಲಿಲ್ಲ. ಗಂಟುಮೂಟೆ ಕಟ್ಟಿದ ಮೇಲೆ ಅಜೀಜಾಬಿ ಈ ಕ್ಯಾಮೆರಾ ತಂದು ನಿಂಬೆವ್ವನ ಉಡಿಯಲ್ಲಿ ಹಾಕಿದ್ದಳು. ಸೌದಿಗೆ ಹೋಗಿದ್ದ ಅವಳ ಅಣ್ಣ ತಂದುಕೊಟ್ಟದ್ದು ಅದು.

"ನಮ್ಮವ್ವಂದು ಒಂದೂ ಫೋಟೋ ಇಲ್ಲ ನಿಂಬಿ. ನೀವು ಅಮಾಸಿಗೆ ಘತ್ತರಗಿಗೆ ಹೊಂಟೀರಲ್ಲ, ಹಂಗೇ ಜೇವರ್ಗಿ ತನಕಾ ಹೋಗಿ ಒಂದ ತಗದು, ಕಾಗದದಾಗ ಇಟ್ಟು ಕಳಸು."

"ನನಗ ಎಮ್ಮಿ ಹಿಂಡಾಕ ಬರ್ತದ. ಇದು ಬರಂಗಿಲ್ಲವಾ."

"ಎಮ್ಮಿಗೆ ಎರಡೂ ಕೈ ಬೇಕು. ಇದಕ್ಕ ಒಂದ ಬೆರಳು ಸಾಕು. ಒದಿಯಂಗೂ ಇಲ್ಲ."

ಹಾಗೆ ಆ ಕ್ಯಾಮೆರಾ ನಿಂಬೆವ್ವನ ಗಂಡ ಬೀರಲಿಂಗಪ್ಪನ ಎದೆಕಿಸೆಯಲ್ಲಿ ಕೂತು ಪ್ರಯಾಣ ಹೊರಟಿತು. ಆಳಂದದ ಬಸ್‌ಸ್ಟ್ಯಾಂಡಿನಲ್ಲಿ ಅವನು ಅದನ್ನು ಮೂರು ಸಲ ತಡವಿ ನೋಡಿಕೊಂಡದ್ದು ಕಂಡು ಕಂಡಕ್ಟರ್, "ಏನ್ರಿ ಗೌಡ್ರ, ಎದಿ ನೋವೇನು?" ಎಂದು ಕೇಳಿದ. ಚೌಡಾಪುರದಲ್ಲಿ ಬಸ್ಸು ಚಹಾಕ್ಕೆ ನಿಂತಾಗ ನಿಂಬೆವ್ವ ಅದನ್ನು ಹೊರಗೆ ತೆಗೆದಳು. ತೆಗೆದದ್ದೇ ತಡ, ಭಜಿ ಕರಿಯುತ್ತಿದ್ದವನು ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡ. ಬಸ್ಸಿನೊಳಗಿಂದ ಗುರುತಿಲ್ಲದ ಹೆಂಗಸೊಬ್ಬಳು, "ಯವ್ವಾ, ನನ್ನ ಕೂಸಿಂದೂ ಒಂದ ಹೊಡೀರಿ," ಎಂದು ಕಿಟಕಿಯಿಂದ ಮಗುವನ್ನು ಹೊರಗೆ ಚಾಚಿದಳು. ಘತ್ತರಗಿಯಲ್ಲಿ ಭಾಗ್ಯವಂತಿ ದೇವಿಗೆ ಕಾಯಿ ಒಡೆಸಿ ಬಂದು, ಭೀಮಾ ನದಿಯ ಮೆಟ್ಟಿಲ ಮೇಲೆ ಬೀರಲಿಂಗಪ್ಪ ಒದ್ದೆ ಧೋತರದಲ್ಲೇ ನಿಂತ.

"ಹೊಟ್ಟಿ ಒಳಗ ಜಗ್ಗರಿ."

"ಜಗ್ಗೇನಿ."

"ಜಗ್ಗಿದ್ರ ಹಿಂಗ ಅದ ಏನ್ರಿ?"

ಅವನು ನಕ್ಕುಬಿಟ್ಟ. ನಗುವಾಗಲೇ ಅವಳ ಬೆರಳು ಒತ್ತಿತ್ತು.

ಜೇವರ್ಗಿಯಲ್ಲಿ ಹುಸೇನಬಿ ಬೇವಿನ ನೆರಳಿಗೆ ಹೊರಸು ಹಾಕಿಕೊಂಡು ಕೂತಿದ್ದಳು. ಮಗಳ ಸಮಾಚಾರ ಹೇಳಿ, ಹೀಗೀಗೆ ಎಂದಾಗ, ಮುದುಕಿ ಮೊದಲು ನಾಚಿದಳು. ನಂತರ ಅಡಕೆ ಉಗುಳಿ ಬಾಯಿ ಮುಕ್ಕಳಿಸಿ ಬಂದು ಮತ್ತೆ ಹೊರಸಿನ ಮೇಲೆ ಕೂತಳು. ನಿಂಬೆವ್ವ ಕಣ್ಣಿಗೆ ಕ್ಯಾಮೆರಾ ಹಚ್ಚಿದಳು. ಸಣ್ಣ ಕಿಂಡಿಯಲ್ಲಿ ಆ ಮುಖ, ಅದರ ಮೂಗುತಿ, ಗಲ್ಲದ ಹಚ್ಚೆ ಎಲ್ಲ ಸರಿಯಾಗಿ ಕೂತವು. ಒತ್ತಿದಳು. ಒತ್ತುತ್ತಿರುವಾಗಲೇ ಮುದುಕಿ ಗಡಬಡಿಸಿ ಎದ್ದು ನಿಂತಳು.

"ಫೋಟೋ ಅಂದ್ರ ಕುಂತು ತಗಸ್ಕೋತಾರೇನ ಬೇಟಿ? ನಿಂತೇನಿ ನೋಡು. ಅವ್ವ ಇನ್ನಾ ಗಟ್ಟಿ ಅದಾಳಂತ ಅಕಿಗಿ ಗೊತ್ತಾಗ್ಲಿ."

ಇನ್ನೊಂದು ಹೊಡೆಯೋಣವೆಂದರೆ ಅಷ್ಟರಲ್ಲಿ ಬೀರಲಿಂಗಪ್ಪ ಬಸ್ಸಿಗೆ ಅವಸರ ಮಾಡಿದ. ಒಂದು ಬಂತಲ್ಲ, ಸಾಕು ಎಂದುಕೊಂಡು ನಿಂಬೆವ್ವ ಹೊರಟಳು. ಉಳಿದ ರೀಲು ಮುಗಿಯಲಿ, ಆಮೇಲೆ ತೊಳೆಸಿದರಾಯಿತು ಎಂದು ಕ್ಯಾಮೆರಾ ಮನೆಯಲ್ಲಿ ಉಳಿಯಿತು.

ಅಷ್ಟರಲ್ಲಿ ಮಹಾನವಮಿ ಬಂತು. ನಿಂಬೆವ್ವ ಹೊಲದಲ್ಲಿದ್ದಾಗ ಅವಳ ಅತ್ತೆ ಜಗಲಿಯಲ್ಲಿ ಪೂಜೆಗೆ ಕೂತಳು. ಕುಡುಗೋಲಿಗೆ ಹೊರಗೆ ಕುಂಕುಮ ಸಾಕು, ಅದಕ್ಕೆ ಒಳಗು ಇಲ್ಲ. ಡಬ್ಬಿಯಂಥದಕ್ಕೆ ಮುಚ್ಚಳ ತೆಗೆದು ಒಳಗೂ ಹಚ್ಚಬೇಕು. ಇಲ್ಲದಿದ್ದರೆ ಪೂಜೆ ಬಾಗಿಲಲ್ಲೇ ನಿಂತಂತೆ. ಹೊಲಿಗೆ ಮಷೀನಿಗೆ ಹಾಗೇ ಮಾಡಿದ್ದಳು, ಕಂದೀಲಿಗೆ ಹಾಗೇ ಮಾಡಿದ್ದಳು. ಕ್ಯಾಮೆರಾದ ಹಿಂದಿನ ಮುಚ್ಚಳವನ್ನೂ ಉಗುರಿನಿಂದ ಎಬ್ಬಿಸಿ, ಒಳಗೆ ಹೊಳೆಯುತ್ತಿದ್ದ ರೀಲಿಗೆ ಭಕ್ತಿಯಿಂದ ಅರಿಷಿಣ ಕುಂಕುಮ ಏರಿಸಿ, ಊದುಬತ್ತಿ ಬೆಳಗಿದಳು.

ಆಳಂದದ ಒಬ್ಬ ಫೋಟೋದವನಿಗೆ ಕೇಳಿದರೆ, "ಬೆಳಕು ಬಿದ್ದ ಮ್ಯಾಲ ಮುಗೀತ್ರಿ ಅಕ್ಕಾರ. ಸುಟ್ಟ ರೊಟ್ಟಿ ಮತ್ತ ಹಿಟ್ಟಾಗ್ತದೇನು?" ಎಂದ. ಇನ್ನೊಮ್ಮೆ ಹೋಗಿ ಹೊಡೆದು ತಂದರಾಯಿತು ಎಂದು ನಿಂಬೆವ್ವ ಲೆಕ್ಕ ಹಾಕುತ್ತಿದ್ದಳು. ಹುಸೇನಬಿ ಕಾಯಲಿಲ್ಲ, ಸುಗ್ಗಿಗೆ ಮುಂಚೆಯೇ ತೀರಿಹೋದಳು. ಆಮೇಲೆ ಭಿವಂಡಿಯಿಂದ ಒಂದು ಕಾರ್ಡು ಬಂತು. ಅವ್ವನ ಮಣ್ಣಿಗೆ ಬಂದು ಮುಟ್ಟಲಿಕ್ಕಾಗಲಿಲ್ಲ ನಿಂಬಿ, ಫೋಟೋ ಒಂದಾದರೂ ಬೇಗ ಕಳಿಸು ಎಂದಿತ್ತು. ಇಲ್ಲ ಎಂದು ಬರೆಯಲು ನಿಂಬೆವ್ವನ ಕೈ ಏಳಲಿಲ್ಲ. ನಾಳೆ ಬರೆದರಾಯಿತು ಎಂದಳು. ಆ ನಾಳೆಗಳಲ್ಲೇ ಅತ್ತೆ ಹೋದಳು, ಬೀರಲಿಂಗಪ್ಪ ಹೋದ, ಮಗನಿಗೆ ಮದುವೆಯಾಯಿತು. ಕ್ಯಾಮೆರಾ ಮಾತ್ರ ವರ್ಷಕ್ಕೊಮ್ಮೆ ಜಗಲಿಗೆ ಬಂದು ಹೊರಗಷ್ಟೇ ಕುಂಕುಮ ಹಚ್ಚಿಸಿಕೊಂಡು ಹೋಗುತ್ತಿತ್ತು.

ಇದೆಲ್ಲ ಕೇಳಿದ ವಿಜಯಶ್ರೀ ಒದ್ದೆ ಕೈಯಲ್ಲೇ ಮೊಬೈಲು ತೆಗೆದು ಕ್ಯಾಮೆರಾದ ಚಿತ್ರ ಹೊಡೆದು ಅಫಜಲಪುರಕ್ಕೆ ಕಳಿಸಿದಳು. ಅಲ್ಲಿ ಅವಳ ಕಾಕಾ ಶಂಕರಲಿಂಗನ ಫೋಟೋ ಸ್ಟುಡಿಯೋ ಇತ್ತು. ಸ್ವಲ್ಪ ಹೊತ್ತಿಗೆ ಅವನೇ ಫೋನು ಮಾಡಿದ.

"ಇದು ಉಲ್ಟಾ ಜಾತಿದು, ಬೀಗತಿಯವರ. ರೀಲು ಹಾಕಿದ ಕೂಡ್ಲೇ ಎಲ್ಲಾ ಹೊರಗ ಬಿಚ್ಚಿಕೋತದ. ಹೊಡದದ್ದು ಒಂದೊಂದ ಮತ್ತ ಡಬ್ಬಿಯೊಳಗ ಹೋಗಿ ಕೂಡ್ತಾವ. ಮುಚ್ಚಳ ತಗದ್ರ ಹೊಡೀಲಾರದ್ದು ಕೆಟ್ಟಿರಬೇಕು, ಹೊಡದದ್ದು ಒಳಗ ಇದ್ರೂ ಇರಬಹುದು. ಹಳೇದಾಗ್ಯದ, ಖಾತ್ರಿ ಹೇಳಂಗಿಲ್ರಿ."

ನಿಂಬೆವ್ವ ಕ್ಯಾಮೆರಾ ಎತ್ತಿ ಉಡಿಯಲ್ಲಿ ಇಟ್ಟುಕೊಂಡಳು. ಅಂದರೆ ಅವತ್ತೇ ತೊಳೆಸಿದ್ದರೆ! ಅಜೀಜಾ ಕಾರ್ಡು ಬರೆದು ಕಾಯುತ್ತಿದ್ದಾಗ, ಆಕೆಯ ತಾಯಿ ಈ ಮನೆಯ ಜಗಲಿಯ ಮೇಲೇ ಇದ್ದಳು.

ದೀಪಾವಳಿಗೆ ಸೊಸೆ ಅಫಜಲಪುರದ ತವರಿಗೆ ಹೊರಟಾಗ ನಿಂಬೆವ್ವ ತಾನೂ ಹೊರಟಳು. ಕೊಡ್ರಿ, ನಾನೇ ಒಯ್ತೇನಿ ಎಂದು ಸೊಸೆ ಅಂದರೂ ಕೊಡಲಿಲ್ಲ. ಎಲೆಅಡಿಕೆ ಚೀಲದಲ್ಲಿ ಕ್ಯಾಮೆರಾ ಇಟ್ಟು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಳಂದ ದಾಟಿದ ಮೇಲೆ ತೊಗರಿ ಹೊಲಗಳು ಎರಡೂ ಕಡೆ ಹಳದಿ ಹೂ ಹೊತ್ತು ಓಡುತ್ತಿದ್ದವು. ಬಸ್ಸಿನ ತುಂಬ ಹೆಂಗಸರು. ಒಬ್ಬಳು ಕಿಟಕಿಗೆ ಮೊಬೈಲು ಹಿಡಿದು ಹೊಡೆದದ್ದನ್ನೇ ಹೊಡೆಯುತ್ತಿದ್ದಳು. ಚೌಡಾಪುರದಲ್ಲಿ ನಿಂಬೆವ್ವ ಬಗ್ಗಿ ನೋಡಿದಳು. ಭಜಿಯ ಅಂಗಡಿ ಇದ್ದ ಜಾಗದಲ್ಲಿ ಟೈರಿನ ಅಂಗಡಿ ಇತ್ತು. ಕಿಟಕಿಯಿಂದ ಚಾಚಿದ್ದ ಆ ಮಗು ಈಗ ಎಲ್ಲಿದೆಯೋ, ಅದಕ್ಕೆ ಎಷ್ಟು ಮಕ್ಕಳೋ ಎಂದು ಯೋಚಿಸುತ್ತ ಕೂತಳು.

ಶಂಕರಲಿಂಗ ಕರೀ ಚೀಲದೊಳಗೆ ಎರಡೂ ಕೈ ತೂರಿಸಿ, ಕುರುಡರಂತೆ ಮೇಲೆ ನೋಡುತ್ತ ರೀಲನ್ನು ಬಿಡಿಸಿದ. ಅದನ್ನು ತೊಳೆಯುವವರು ಈಗ ಸೋಲಾಪುರದಲ್ಲಿ ಮಾತ್ರ ಇದ್ದರು. ತೊಗರಿಯ ರಾಶಿ ಮುಗಿಯುವ ಹೊತ್ತಿಗೆ ಅಲ್ಲಿಂದ ಫೋಟೋ ಬಂದವು ಎಂಬ ಸುದ್ದಿ ಸಿಕ್ಕಿ, ಅತ್ತೆ ಸೊಸೆ ಮತ್ತೆ ಹೊರಟರು. ಆಳಂದದಲ್ಲಿ ಬಸ್ಸು ಬದಲಿಸುವಾಗ ಖಾದರಸಾಬನ ತಮ್ಮನ ಮಗ ಅಕ್ರಮನ ಅಂಗಡಿಗೆ ಹೋದರು. ಅವನು ಅಜೀಜಾಬಿಯ ಭಿವಂಡಿಯ ವಿಳಾಸ ಬರೆದುಕೊಟ್ಟ.

"ದೊಡ್ಡಮ್ಮಗ ಫೋನ್ ಹಚ್ಚಿ ಉಪಯೋಗ ಇಲ್ರಿ. ಮಗ್ಗದ ಸದ್ದಿನಾಗ ಇದ್ದು ಇದ್ದು ಕಿವಿ ಹೋಗ್ಯಾವ. ಕಣ್ಣು ಚಲೋ ಅದಾವ. ಏನಿದ್ರೂ ಬರದೇ ತೋರಸ್ಬೇಕು."

ಸ್ಟುಡಿಯೋದಲ್ಲಿ ಶಂಕರಲಿಂಗ ಫೋಟೋಗಳನ್ನು ಗಾಜಿನ ಮೇಜಿನ ಮೇಲೆ ಹರವಿದ. ಎಲ್ಲವೂ ನೇರಳೆ ಬಣ್ಣಕ್ಕೆ ತಿರುಗಿದ್ದವು, ಮುಸ್ಸಂಜೆಯಲ್ಲಿ ತೆಗೆದಂತೆ. ಭಜಿಯವನ ಟವೆಲು. ಕಿಟಕಿಯ ಕೂಸು. ಆಮೇಲೆ ಒದ್ದೆ ಧೋತರದ ಬೀರಲಿಂಗಪ್ಪ, ಬಾಯಿ ತೆರೆದು ನಗುತ್ತ.

"ಮಾವ ಏನ್ರಿ ಇವ್ರು? ಎಷ್ಟ ಸಣ್ಣ ವಯಸ್ಸು!" ಎಂದಳು ವಿಜಯಶ್ರೀ.

"ಹೊಟ್ಟಿ ಜಗ್ಗಲೇ ಇಲ್ಲ ನೋಡು," ಎಂದು ನಿಂಬೆವ್ವ ಸೆರಗಿನಿಂದ ಫೋಟೋದ ಮೇಲಿನ ಹನಿ ಒರೆಸಿದಳು.

ಕೊನೆಯದು ಜೇವರ್ಗಿಯದು. ಬೇವಿನ ಬುಡ, ಹೊರಸಿನ ಕಾಲು, ಒಂದು ಕೋಳಿ. ನಡುವೆ ಎದ್ದು ನಿಂತ ಹುಸೇನಬಿ. ಪಾದ ಇತ್ತು, ಚೌಕಡಿ ಸೀರೆ ಇತ್ತು, ಸೊಂಟದ ಮೇಲೆ ಊರಿದ ಕೈ, ಕೈತುಂಬ ಹಸಿರು ಬಳೆ, ಎಲ್ಲ ಇತ್ತು. ಕುತ್ತಿಗೆಯ ಹತ್ತಿರ ಫೋಟೋ ಮುಗಿದಿತ್ತು. ಮುಖ ಇರಲಿಲ್ಲ.

"ಅತ್ತಿ," ಎಂದು ಸೊಸೆ ಮೊಣಕೈ ಹಿಡಿದಳು. ಶಂಕರಲಿಂಗ ಕೆಮ್ಮಿ, "ಇಷ್ಟ ವರ್ಷ ಆದ ಮ್ಯಾಲ ಇದನ್ನ ಕಳಸೂದು ಬ್ಯಾಡ ಬಿಡ್ರಿ. ಅವ್ರಿಗೂ ತ್ರಾಸ," ಎಂದ.

ನಿಂಬೆವ್ವ ಸ್ಟೂಲಿನ ಮೇಲೆ ಕೂತುಕೊಂಡಳು. ಫೋಟೋ ಎಲ್ಲಿ ಮುಗಿದಿತ್ತೋ ಅಲ್ಲಿಂದ ಮೇಲೆ ಅವಳ ಕಣ್ಣಿಗೆ ಎಲ್ಲವೂ ಕಾಣುತ್ತಿತ್ತು. ಮೂಗುತಿ, ಗಲ್ಲದ ಹಚ್ಚೆ, ಬಾಯಿ ಮುಕ್ಕಳಿಸಿದ ನೀರಿನ ತೇವ ಇನ್ನೂ ಆರದ ತುಟಿ. ಅಂದು ಆ ಕಿಂಡಿಯಲ್ಲಿ ನೋಡಿದವಳು ತಾನೊಬ್ಬಳೇ. ತಾನೂ ಹೋದರೆ ಆ ಮುಖ ಯಾರ ಹತ್ತಿರ ಉಳಿಯಿತು?

"ಒಂದ ಹಾಳಿ ಕೊಡ್ರಿ ಬೀಗರ," ಎಂದಳು.

"ಮನಿಗೆ ಹೋಗಿ ಸಾವಕಾಶ ಬರೀರಲ್ಲ."

"ಮನಿಗೆ ಹ್ವಾದ್ರ ಮತ್ತ ಎಮ್ಮಿ, ಮತ್ತ ರೊಟ್ಟಿ, ಮತ್ತ ನಾಳಿ. ಇಲ್ಲೇ ಬರೀತೇನಿ. ತಡಾ ಆಗ್ತದ, ನೀವು ನಿಮ್ಮ ಕೆಲಸ ಮಾಡ್ಕೋರಿ."

ಒಂದೊಂದೇ ಅಕ್ಷರ ಒತ್ತಿ ಒತ್ತಿ ಬರೆದಳು. ಮದುವೆಯ ಫೋಟೋದ ಗಿರಾಕಿಗಳು ಬಂದರು, ಹೋದರು. ಸೊಸೆ ಚಹಾ ತರಿಸಿದಳು, ಅದು ಆರಿ ಕೆನೆಗಟ್ಟಿತು.

"ಅಜೀಜಾ, ನಾನು ನಿಂಬಿ ಬರಿಯಾಕತ್ತೇನಿ. ಅವ್ವನ ಫೋಟೋ ಕಳಸೇನಿ. ಇದರಾಗ ಮುಖ ಬಂದಿಲ್ಲ, ನೋಡಿ ಎದಿ ಒಡಕೋಬ್ಯಾಡ. ನಾ ಒತ್ತೂದಕ್ಕೂ ಅಕಿ ಏಳೂದಕ್ಕೂ ಒಂದ ಆತು. ಯಾಕ ಎದ್ದಳು ಕೇಳು. ಅವ್ವ ಇನ್ನಾ ಗಟ್ಟಿ ಅದಾಳಂತ ನಿನಗ ಗೊತ್ತಾಗ್ಲಿ ಅಂತ ಎದ್ದು ನಿಂತಳು. ನಾಚಿಕೊಂಡಿದ್ದಳು. ಮೂಗುತಿ ಎಲಿ ಸಂದಿನ ಬಿಸಿಲಿಗಿ ಹೊಳೀತಿತ್ತು. ನೀ ನಕ್ರ ಹ್ಯಾಂಗ ಎಡಗಲ್ಲ ಮ್ಯಾಲ ಏಳ್ತದ, ಹಂಗೇ ನಕ್ಕಳು..."

ಹಾಳೆ ತುಂಬಿತು, ಹಿಂದಿನ ಮಗ್ಗುಲೂ ತುಂಬಿತು. ಫೋಟೋ ಯಾಕೆ ತಡವಾಯಿತು ಎಂಬುದಕ್ಕೆ ಕೊನೆಗೆ ಎರಡೇ ಸಾಲಿನ ಜಾಗ ಉಳಿದಿತ್ತು. ಅದರಲ್ಲೇ ಇದ್ದದ್ದು ಇದ್ದಂಗೆ ಬರೆದಳು.

ಅಂಚೆ ಕಚೇರಿ ಮುಚ್ಚುವ ಹೊತ್ತಾಗಿತ್ತು. ಕಿಟಕಿಯ ಹಿಂದಿನ ಹುಡುಗಿ ಲಕೋಟೆಯನ್ನು ತೂಗಿ, "ಮಡಚಬಾರದ್ದು ಏನರ ಅದಾ ಅಜ್ಜಿ ಒಳಗ?" ಎಂದು ಕೇಳಿದಳು.

"ಹೌದವಾ. ಮಡಚಬ್ಯಾಡ."

ಹುಡುಗಿ ಮುದ್ರೆ ಒತ್ತಿ, ಲಕೋಟೆಯನ್ನು ಭಿವಂಡಿಯ ಕಡೆ ಹೋಗುವ ಚೀಲಕ್ಕೆ ಹಾಕಿದಳು.