ಹೊಟ್ಟೆ ತುಂಬಿದ ಕೌದಿ

“ಏನ ತುರುಕೀರಬೇ ರಂಡೇರಾ, ಇದರಾಗ?”

ಅಕ್ಕಿ ಗಿರಣಿಯ ಹಂಪಣ್ಣ ಕತ್ತರಿ ಹಾಕಿ ಕೌದಿಯ ಮೂಲೆ ಸೀಳಿದ. ಹಳೇ ಸೀರೆಗಳ ಪದರಿನಿಂದ ಒಣಗಿದ ರೊಟ್ಟಿಯ ಚೂರೊಂದು ಟೇಬಲ್ಲಿನ ಮೇಲೆ ಬಿತ್ತು. ಅದರ ಬೆನ್ನಿಗೇ ಒಂದು ಕರಿ ಹುಳ ಹೊರಬಂದು, ಪರಿಹಾರ ಸಂಸ್ಥೆಯ ಶಾಂಭವಿ ಮೇಡಂ ಲ್ಯಾಪ್‌ಟಾಪಿನ ಕಡೆ ಹೊರಟಿತು. ಹಾಳಾದ್ದು, ಅದಕ್ಕೂ ಇದೇ ಹೊತ್ತು ಬೇಕಿತ್ತೇ!

“ರೊಟ್ಟಿರಿ ಧಣ್ಯಾರ,” ಅಂದಳು ಕೌದಿ ಹೊಲಿದು ತಂದಿದ್ದ ಹುಲಗೆಮ್ಮ. “ಕೌದಿ ಮುಗಿಸೋ ಮುಂದ ಮೂಲ್ಯಾಗ ಒಂದು ಚೂರು ರೊಟ್ಟಿ ಇಟ್ಟು ಹೊಲಿತೀವ್ರಿ. ಕೌದಿ ಹಸಿದಿರಬಾರ್ದು. ಹಸಿದ ಕೌದಿ ಹೊದ್ದವರ ಮನಿಗೆ ಹಸಿವು ಬರ್ತೈತಂತ್ರಿ.”

“ನಿಮ್ಮ ಮನ್ಯಾಗ ರೊಟ್ಟಿಗೇ ಬರ, ಕೌದಿಗೆ ಊಟ ಒಂದು ಕೇಡು!” ಹಂಪಣ್ಣ ಕಿಸಕ್ಕನೆ ನಕ್ಕ. ಬಾಗಿಲ ಹತ್ತಿರ ನಿಂತಿದ್ದ ಗುಮಾಸ್ತ ವೆಂಕೋಬನೂ ನಕ್ಕ. ಧಣಿ ನಕ್ಕರೆ ನಗುವುದು ಅವನ ಸಂಬಳದಲ್ಲೇ ಸೇರಿತ್ತು.

ಮುನಿರಾಬಾದಿನಲ್ಲಿ ಡ್ಯಾಮಿನ ಗೇಟು ಎತ್ತಿದ ಮೇಲೆ ಹೊಳೆ ದಂಡೆಯ ಮಂದಿ ಶಾಲೆಗಳಲ್ಲಿ ಬಂದು ಬಿದ್ದಿದ್ದರು. ಅವರಿಗೆ ಹೊದಿಕೆ ಹಂಚಲು ಎಲ್ಲಿಂದಲೋ ಈ ಸಂಸ್ಥೆ ಬಂತು. ಹೆಂಗಸರ ಸಂಘಗಳೂ ಮಾಲು ಕೊಡಬಹುದು, ಮಾದರಿ ಪಾಸಾದರೆ ಸಪ್ಲಾಯರ್ ಎಂದು ಹೆಸರು ನೋಂದಾಯಿಸುತ್ತೇವೆ, ಮುಂದೆ ಎಲ್ಲಿ ನೆರೆ ಬಂದರೂ ನಿಮ್ಮನ್ನೇ ಕೇಳುತ್ತೇವೆ ಎಂದು ಮೈಕಿನಲ್ಲಿ ಸಾರಿತು. ಆ ಒಂದು ಮಾತು ನಂಬಿ ಮಾದರ ಕೇರಿಯ ಹೆಂಗಸರು ಹಂಪಣ್ಣನ ಗದ್ದೆಯ ನಾಟಿ ಬಿಟ್ಟು ಸೂಜಿ ಹಿಡಿದಿದ್ದರು. “ಹೋಗ್ರಿ, ಹೋಗ್ರಿ. ನಾಳೆ ಬಂದು ಕಾಲು ಹಿಡಿದರೂ ಬದುವಿನ ಮ್ಯಾಲೆ ಹೆಜ್ಜಿ ಇಡಾಕ ಬಿಡಂಗಿಲ್ಲ,” ಅಂದಿದ್ದ ಅವ. ಹೆಸರು ಹತ್ತದಿದ್ದರೆ ಕೇರಿಗೆ ಕೇರಿಯೇ ಉಪವಾಸ. ಇನ್ನು ಆ ಸಂಸ್ಥೆ ಗೋದಾಮು ಹಿಡಿದದ್ದಾದರೂ ಎಲ್ಲಿ? ಇದೇ ಹಂಪಣ್ಣನ ಗಿರಣಿಯಲ್ಲಿ. ಅಕ್ಕಿ ಕೊಡುವವನೂ ಅವನೇ, ಹೊದಿಕೆ ಕೊಡುವವನೂ ಅವನೇ, ಈಗ ಕತ್ತರಿ ಹಿಡಿದವನೂ ಅವನೇ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಸುಳ್ಳಲ್ಲ.

“ನೋಡಿ ಅಮ್ಮ, ಹೊಲಿಗೆ ತುಂಬಾ ಚೆನ್ನಾಗಿದೆ,” ಅಂದಳು ಶಾಂಭವಿ ಮೇಡಂ, ಹುಳವನ್ನು ಪೆನ್ನಿನಿಂದ ಕೆಳಗೆ ತಳ್ಳುತ್ತ. “ಆದರೆ ಒಳಗೆ ತಿನ್ನೋ ಪದಾರ್ಥ ಇದ್ದರೆ ಹುಳ, ಇಲಿ ಎಲ್ಲಾ ಬರುತ್ತೆ. ನಮ್ಮ ನಿಯಮದಲ್ಲಿ ಆಗಲ್ಲ. ಮುಂದಿನ ವರ್ಷ ಪ್ರಯತ್ನ ಮಾಡಿ.”

ಮುಂದಿನ ವರ್ಷ! ಮುಂದಿನ ಹೊತ್ತಿನ ಗಂಜಿಯೇ ಗೊತ್ತಿಲ್ಲದವರಿಗೆ ಮುಂದಿನ ವರ್ಷ!

“ಬಿಚ್ಚತೀವ್ರಿ ಮೇಡಂ. ಇಲ್ಲೇ ಕುಂತು ಎಲ್ಲಾ ಮೂಲಿ ಬಿಚ್ಚಿ, ರೊಟ್ಟಿ ತೆಗೆದು, ಮತ್ತ ಹೊಲಿದು ಕೊಡ್ತೀವ್ರಿ. ಸಂಜಿ ತನಕ ಟೈಮ್ ಕೊಡ್ರಿ.”

ಹಿಂದೆ ನಿಂತಿದ್ದ ಅತ್ತೆ ಮುದಕಮ್ಮ ನಡುಗಿದಳು. ಇಟ್ಟ ತುತ್ತು ಕಿತ್ತುಕೊಳ್ಳುವ ಮಾತನ್ನು ಆಕೆ ಜನ್ಮದಲ್ಲಿ ಕೇಳಿರಲಿಲ್ಲ. ಪಾಪದ ಭಯ ಹುಲಗೆಮ್ಮನಿಗೂ ಇತ್ತು. ಆದರೆ ಮಕ್ಕಳ ಹೊಟ್ಟೆಯ ಮುಂದೆ ಕೌದಿಯ ಹೊಟ್ಟೆ ದೊಡ್ಡದೇನು?

ಮೇಡಂ ಅರ್ಧ ಒಪ್ಪಿದಂತೆ ಕಂಡಳು. ಅಷ್ಟರಲ್ಲಿ ಹಂಪಣ್ಣ ಗುಟ್ಟು ಹೇಳುವವನ ಹಾಗೆ ಬಗ್ಗಿ, ಎಲ್ಲರಿಗೂ ಕೇಳುವಂತೆ ಅಂದ: “ರೊಟ್ಟಿ ತೆಗೀಬಹುದ್ರಿ ಮೇಡಂ. ಈ ಅರಿವಿ? ಕೇರ್ಯಾಗ ಉಟ್ಟು ಬಿಟ್ಟ ಸೀರಿ ಇವು. ಸಾಲ್ಯಾಗ ನಮ್ಮ ಮಂದಿನೂ ಅದಾರ. ಸತ್ತರೂ ಹೊದ್ಕೊಳ್ಳಂಗಿಲ್ಲ. ಆಮ್ಯಾಲೆ ಗಲಾಟಿ ಆದ್ರ ನನ್ನ ಕೇಳಬ್ಯಾಡ್ರಿ.”

ಗಲಾಟೆ ಎಂಬ ಮಾತಿಗೆ ಮೇಡಂ ಲ್ಯಾಪ್‌ಟಾಪ್ ಮುಚ್ಚಿದಳು. ಹುಲಗೆಮ್ಮ ದಡಕ್ಕನೆ ಕಾಲಿಗೆ ಬಿದ್ದಳು. “ಛೇ, ಹಾಗೆಲ್ಲ ಮಾಡಬೇಡಿ,” ಎಂದು ಮೇಡಂ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡಳು. ಹಿಡಿಯಲು ಕಾಲೂ ಸಿಗಲಿಲ್ಲ.

ಹೊರಗೆ ಬೇವಿನ ಗಿಡದ ಕೆಳಗೆ ಹೆಂಗಸರು ಗಂಟು ಕಟ್ಟುತ್ತಿದ್ದಾಗ ವೆಂಕೋಬ ಬಂದ.

“ಧಣಿ ಹೇಳ್ಯಾರ, ಗಂಟು ಇಲ್ಲೇ ಬಿಟ್ಟು ಹೋಗ್ರಿ. ಅವರ ಹೆಸರೀಲೆ ಲಾರಿ ಹತ್ತತಾವು. ನಾಳಿಂದ ನಿಮ್ಮನ್ನ ನಾಟಿಗೂ ಕರ್ಕೊಂತಾರ. ಪುಣ್ಯಾತ್ಮರು.”

“ರೊಟ್ಟಿ?” ಹುಲಗೆಮ್ಮ ಕೇಳಿದಳು.

“ಇರ್ಲಿ ಬಿಡು. ಅವರು ರಿಜಿಸ್ಟರ್ ಆದವರು. ಅವರ ಮಾಲು ಯಾರ ಸೀಳಿ ನೋಡ್ತಾರ?”

“ಮತ್ತ ಅರಿವಿ? ಕೇರ್ಯಾಗ ಉಟ್ಟಿದ್ದು?”

ವೆಂಕೋಬ ಅತ್ತಿತ್ತ ನೋಡಿದ. “ಅರಿವಿ ಮ್ಯಾಲೆ ಜಾತಿ ಬರದಿರತೈತೇನು? ಸುಮ್ನ ಹೋಗಬೇ.”

ಹುಲಗೆಮ್ಮ ಸಿಟ್ಟಿನಿಂದ ಅವನ ಕಡೆ ಒಂದು ಹೆಜ್ಜೆ ಇಟ್ಟಳು. ಮುದಕಮ್ಮ ಸೊಸೆಯ ಸೆರಗು ಜಗ್ಗಿದಳು. “ಬಿಟ್ಟು ಬಾರವ್ವ. ನಾಟಿಗೆ ಕರೀತಾನಲ್ಲ, ಅಷ್ಟ ಸಾಕು. ಬಡವನ ಸಿಟ್ಟು ದವಡಿಗೆ ಮೂಲ.” ಮುದುಕಿಯ ಮಾತು ಸುಳ್ಳೇನಲ್ಲ. ಒಂದು ಗಳಿಗೆ ಹುಲಗೆಮ್ಮನಿಗೂ ಹಾಗೇ ಅನ್ನಿಸಿತು. ಕೆಸರಿಗಿಳಿದು ಬೆನ್ನು ಬಗ್ಗಿಸಿದರೆ ಒಲೆಯಾದರೂ ಹೊತ್ತುತ್ತದೆ. ಕಣ್ಣು ಒರೆಸಿಕೊಂಡು ಗಂಟು ಕೆಳಗಿಟ್ಟಳು. ವೆಂಕೋಬ ಅದನ್ನು ಕಾಲಿನಿಂದ ಲಾರಿಯ ಕಡೆಗೆ ತಳ್ಳಿದ.

ಕಾಲಿನಿಂದ!

“ಏ ಭಾಡ್ಯಾ, ಕಾಲು ತೆಗಿ!”

ಹುಲಗೆಮ್ಮ ಗಂಟು ಎತ್ತಿ ಗೇಟಿನ ಕಡೆ ನಡೆದಳು. ಹಂಪಣ್ಣನ ಹೊದಿಕೆ ತುಂಬಿದ ಲಾರಿ ಹೊರಡಲು ಗುರುಗುಡುತ್ತಿತ್ತು. ಅದರ ಮೂತಿಯ ಮುಂದೆಯೇ ಗಂಟು ಬಿಚ್ಚಿ, ಕೌದಿಗಳನ್ನು ಹಾಸಿ ಕೂತಳು. ನೆರೆಮನೆಯ ಭವಾನಿ ಬಂದು ಪಕ್ಕದಲ್ಲಿ ಕೂತಳು. ಉಳಿದವರೂ ಒಬ್ಬೊಬ್ಬರಾಗಿ ಬಂದರು. ಮುದಕಮ್ಮ ಸೊಸೆಯನ್ನೂ ತನ್ನ ಹಣೆಬರಹವನ್ನೂ ಬೈಯುತ್ತ ಬೈಯುತ್ತಲೇ ಬಂದು ಕೂತಳು.

“ನಮ್ಮ ಕೌದಿ ನಮ್ಮ ಹೆಸರೀಲೆ ಹೋಗಬೇಕು,” ಹುಲಗೆಮ್ಮ ಕೂಗಿದಳು. “ಇಲ್ಲಾಂದ್ರ ಗಾಡಿ ನಮ್ಮ ಮ್ಯಾಲೇ ಹೋಗ್ಲಿ!”

ಹಂಪಣ್ಣ ಓಡಿ ಬಂದ. “ಹತ್ತಸಲೇ ಜಿಲಾನ್ಯಾ! ಹೆದರಿ ಓಡ್ತಾವು ಸೂಳೆಮಕ್ಕಳು.”

ಡ್ರೈವರ್ ಜಿಲಾನಸಾಬ ಇಂಜಿನ್ ಬಂದ್ ಮಾಡಿ ಕೆಳಗಿಳಿದ. “ನನ್ನಿಂದ ಆಗಂಗಿಲ್ರಿ ಮಾಲಕ್ರ,” ಎಂದು ಕೀಲಿಯನ್ನು ಧಣಿಯ ಕೈಗಿಟ್ಟು ದೂರ ಸರಿದ.

ಹಂಪಣ್ಣ ತಾನೇ ಹತ್ತಿ ಕೂತ. ಲಾರಿ ಮತ್ತೆ ಗುಡುಗಿತು. ಮೆಟ್ಟಿಲ ಮೇಲಿಂದ ಮೇಡಂ ಏನೋ ಕೂಗಿದಳು, ಯಾರಿಗೂ ಕೇಳಿಸಲಿಲ್ಲ. ಮುಂದಿನ ಗಾಲಿ ಕೌದಿಯ ಅಂಚು ಹತ್ತಿತು. ಭವಾನಿ ಹುಲಗೆಮ್ಮನ ಕೈಯನ್ನು ಗಟ್ಟಿಯಾಗಿ ಹಿಡಿದಳು. ಗಾಲಿ ಇನ್ನೊಂದು ಗೇಣು ಮುಂದೆ ಬಂತು. ಯಾರೂ ಏಳಲಿಲ್ಲ.