ಕುದಿಸಿದ ನೀರಿನ ಉಪ್ಪು

ಬೇಸಿಗೆ ಬಂತೆಂದರೆ ಹಟ್ಟಿಕೇರಿಯ ಹೊಳೆಬದಿಯ ಮನೆಗಳಲ್ಲಿ ಬಾವಿ ನೀರಿನದೇ ತಾಪತ್ರಯ. ಭರತಿಯ ಹೊತ್ತಿಗೆ ಸಮುದ್ರದ ನೀರು ಹೊಳೆಯಲ್ಲಿ ಏರಿ ಬರುತ್ತದೆ. ಹೋದ ಮಳೆಗಾಲದಲ್ಲಿ ಹೊಳೆಯಂಚಿನ ಗಜನಿ ಗದ್ದೆಗೆ ಉಪ್ಪು ನೀರು ನುಗ್ಗದಂತೆ ಹಾಕಿದ್ದ ಕಟ್ಟು ಒಡೆದ ಮೇಲಂತೂ ಕಾಮಿಯ ಮನೆಯ ಬಾವಿಯ ತನಕ ಉಪ್ಪು ಬಂದುಬಿಟ್ಟಿತು. ಆದರೆ ಕಾಮಿಯನ್ನು ಕೇಳಿದರೆ, "ಎಲ್ಲಿ ಉಪ್ಪು?" ಎನ್ನುತ್ತಿದ್ದಳು. ಸ್ವಲ್ಪ ಸ್ವಲ್ಪವೇ ಏರಿದ ಉಪ್ಪು ಹೊಳೆಬದಿಯಲ್ಲೇ ಬೆಳೆದ ನಾಲಗೆಗೆ ಗೊತ್ತಾಗುವುದಿಲ್ಲ.

ಗೊತ್ತಾದದ್ದು ಸೊಸೆ ವೀಣಾಳಿಗೆ. ಅವಳು ಸುಂಕಸಾಳದವಳು, ಗುಡ್ಡದಿಂದ ಇಳಿದು ಬರುವ ಹಳ್ಳದ ನೀರು ಕುಡಿದು ಬೆಳೆದವಳು. ಹಟ್ಟಿಕೇರಿಯಲ್ಲಿ ಅವಳಿಗೆ ಇದು ಮೊದಲ ಬೇಸಿಗೆ.

"ಅತ್ತೇ, ಈ ನೀರು ಉಪ್ಪು ಅದೆ," ಎಂದಳು ಒಂದು ದಿನ.

"ನಿನ್ನ ನಾಲ್ಗೆ ಭಾರೀ ನಾಜೂಕು ಮಾರಾಯ್ತಿ," ಎಂದು ಕಾಮಿ ನಕ್ಕಳು. "ನಾವೆಲ್ಲ ಇಂಥಾದ್ದೇ ಕುಡ್ಕಂಡು ದೊಡ್ಡಾಗ್ಲಿಲ್ವೇ?"

ವೀಣಾ ಗಂಡ ಕೇಶವನ ಮುಖ ನೋಡಿದಳು. ಅವನು ದಿನಾ ಬಿಣಗಾಕ್ಕೆ ಕೂಲಿಗೆ ಹೋಗಿ ಬರುವವನು. ಅತ್ತೆ ಸೊಸೆ ಮಾತಿಗೆ ನಿಂತರೆ ಅವನ ಬಾಯಿ ಊಟಕ್ಕೆ ಮಾತ್ರ ತೆರೆಯುತ್ತಿತ್ತು.

ಕಾಮಿ ಕೆಟ್ಟವಳೆಂದು ತಿಳಿಯಬೇಡಿ. ಸೊಸೆ ಬಸುರಿ ಎಂದು ಗೊತ್ತಾದ ದಿನದಿಂದ ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಸೊಸೆಯ ದೂರು ಕೇಳಿ ಒಂದು ಉಪಾಯವನ್ನೂ ಮಾಡಿದಳು. ಬಾವಿ ನೀರಿಗೆ ಜೀರಿಗೆ ಹಾಕಿ, ಪಾತ್ರೆ ಅರ್ಧಕ್ಕಿಳಿಯುವ ತನಕ ಕುದಿಸಿ, ಬಟ್ಟೆಯಲ್ಲಿ ಸೋಸಿ ಅವಳಿಗೆ ಕೊಡತೊಡಗಿದಳು. ಬಸುರಿಗೆ ಹೀಗೆ ಬತ್ತಿಸಿದ ನೀರು ಕೊಡುವುದು ಆ ಮನೆಯ ಹಳೆಯ ರೂಢಿ. ಕುದ್ದ ನೀರಲ್ಲಿ ಯಾವ ದೋಷವೂ ಉಳಿಯುವುದಿಲ್ಲ ಎಂದು ಕಾಮಿ ನಂಬಿದ್ದಳು. ಇಷ್ಟು ಪ್ರೀತಿಯಿಂದ ಕೊಟ್ಟದ್ದನ್ನು ಬೇಡ ಎನ್ನುವುದು ಹೇಗೆ? ವೀಣಾ ಮುಖ ಕಿವುಚದೆ ಕುಡಿದಳು.

ಏಳನೇ ತಿಂಗಳಲ್ಲಿ ವೀಣಾಳ ಕೈಕಾಲು ಊದಿಕೊಂಡವು, ತಲೆನೋವು ಶುರುವಾಯಿತು. ಊರಿನ ಆಶಾ ಕಾರ್ಯಕರ್ತೆ ಯಶೋದಾ ತಡಮಾಡದೆ ಅವಳನ್ನು ಅಂಕೋಲೆಯ ಆಸ್ಪತ್ರೆಗೆ ಕರೆದೊಯ್ದಳು. ಬಿಪಿ ಏರಿತ್ತು. ಡಾಕ್ಟರು ಮಾತ್ರೆ ಬರೆದುಕೊಟ್ಟರು. "ಇದು ಇನ್ನೂ ಏರಿದರೆ ತಾಯಿಗೂ ಅಪಾಯ, ಮಗುವಿಗೂ ಅಪಾಯ. ತಪ್ಪದೆ ತೋರಿಸ್ತಾ ಇರಿ," ಎಂದವರು, "ಕುಡಿಯುವ ನೀರು ಎಲ್ಲಿಯದು?" ಎಂದೂ ಕೇಳಿದರು.

ವೀಣಾಳನ್ನು ಮನೆಗೆ ಬಿಡಲು ಬಂದ ಯಶೋದಾ ಜಗಲಿಯಲ್ಲಿ ಕೂತು ನೀರು ಬೇಡಿದಳು. ಕಾಮಿ ಸೊಸೆಯ ಪಾತ್ರೆಯಿಂದಲೇ ಬಗ್ಗಿಸಿ ಕೊಟ್ಟಳು. ಒಂದು ಗುಟುಕು ಕುಡಿದ ಯಶೋದಾ ಲೋಟ ಕೆಳಗಿಟ್ಟಳು.

"ಕಾಮಕ್ಕ, ಬೇಜಾರ ಮಾಡ್ಕಬೇಡಿ. ಇದು ನಿಮ್ಮ ಬಾವಿ ನೀರಿಗಿಂತ್ಲೂ ಉಪ್ಪು."

"ಹೆಂಗೆ ಉಪ್ಪಾಗ್ತದೆ? ಅರ್ಧ ಬತ್ತೂ ತನಕ ಕುದ್ಸಿದ್ದೆ ನಾನು!"

"ಕುದ್ಸಿದ್ರೆ ರೋಗದ ಹುಳ ಸಾಯ್ತದೆ, ಅದು ಖರೆ. ಉಪ್ಪು ಎಲ್ಲಿಗೆ ಹೋಗ್ತದೆ?"

"ಆವಿ ಸಂಗ್ಡ ಹೋಗ್ತದೆ."

ಯಶೋದಾ ವಾದಕ್ಕಿಳಿಯಲಿಲ್ಲ. "ನಿಮ್ಮ ತವರು ಸಾಣಿಕಟ್ಟಾ ಬದಿ ಅಲ್ವಾ? ಸಣ್ಣಿರುವಾಗ ಉಪ್ಪಿನ ಆಗರದ ಕೆಲ್ಸಕ್ಕೆ ಹೋಗ್ತಿದ್ರಿ ಅಂತ ಹೇಳಿದ್ರಿ. ಅಲ್ಲಿ ಉಪ್ಪು ಹೆಂಗೆ ಮಾಡ್ತಿದ್ರಿ?"

ಆಗರದ ಸುದ್ದಿ ಬಂದರೆ ಕಾಮಿಗೆ ಎಲ್ಲಿಲ್ಲದ ಹುರುಪು. "ಹೆಂಗೆ ಅಂದ್ರೆ? ಉಪ್ಪು ನೀರು ಪಾತಿಗೆ ಬಿಡೂದು. ಬಿಸ್ಲಿಗೆ ನೀರು ಆರ್ತಾ ಆರ್ತಾ ಉಪ್ಪು ಹೆಚ್ಚಾಗ್ತಾ ಬರ್ತದೆ. ಕಡಿಗೆ ನೀರೆಲ್ಲ ಆವಿಯಾಗಿ ಹೋಗಿ..."

ಕಾಮಿ ಒಳಗೆ ಒಲೆಯ ಮೇಲಿದ್ದ ಪಾತ್ರೆಯನ್ನು ನೋಡಿದಳು, ಸೊಸೆಯ ಊದಿದ ಕಾಲುಗಳನ್ನು ನೋಡಿದಳು.

"ಅಯ್ಯೋ ದೇವರೇ, ನಾನು ಒಲೆ ಮೇಲೇ ಆಗರ ಮಾಡ್ದೆ!" ಅವಳ ಕಣ್ಣು ತುಂಬಿ ಬಂತು. "ಸೊಸೆ ಕೂಸು ಮೊದ್ಲೇ ಹೇಳಿತ್ತು ಯಶೋದಾ. ನಾ ನಗ್ಯಾಡ್ದೆ."

"ಅತ್ತೇ, ನೀವು ಒಳ್ಳೇದಕ್ಕೇ ಮಾಡಿದ್ರಿ," ಎಂದು ವೀಣಾ ಅವಳ ಕೈ ಹಿಡಿದಳು.

"ಬರೇ ನೀರಿಂದ್ಲೇ ಬಿಪಿ ಬಂತು ಅಂತ ಹೇಳೂಕೆ ಬರೂದಿಲ್ಲ ಕಾಮಕ್ಕ, ಬೇರೆ ಕಾರಣನೂ ಇರ್ತದೆ," ಎಂದಳು ಯಶೋದಾ. "ಆದ್ರೆ ಉಪ್ಪು ಅದ್ನ ಇನ್ನೂ ಏರಿಸ್ತದೆ. ಮಾತ್ರೆ ಇಳಿಸ್ತಾ ಇರುವಾಗ ನೀರು ಏರಿಸ್ಬಾರ್ದು ನೋಡಿ."

"ಹಂಗಾರೆ ಬಾವಿ ಮುಚ್ಚೂದೇ?"

"ಮುಚ್ಚೂದು ಎಂತಕೆ? ಬಟ್ಟೆ ಒಗೀರಿ, ನೆಲ ಒರ್ಸಿ, ಕೊಟ್ಟಿಗೆ ತೊಳೀರಿ. ಉಪ್ಪು ನೀರಿಗೂ ಅದ್ರದ್ದೇ ಕೆಲ್ಸ ಅದೆ. ಗಂಟ್ಲು ನೋವಾದ್ರೆ ನಾವೇ ಬಿಸ್ನೀರಿಗೆ ಚೂರು ಉಪ್ಪು ಹಾಕಿ ಮುಕ್ಕಳಿಸ್ತೇವಲ್ಲ? ಆದ್ರೆ ಮುಕ್ಕಳಿಸಿ ಉಗೀತೇವೆ, ನುಂಗೂದಿಲ್ಲ. ಕುಡೂಕೆ, ಅನ್ನಕ್ಕೆ, ಗಂಜಿಗೆ ಈ ಬಾವಿ ನೀರು ಬೇಡ."

ಸಂಜೆ ಕೇಶವ ಬಂದ. ವಿಷಯ ಕೇಳಿ ಮೆಲ್ಲಗೆ, "ನಂಗೂ ಗೊತ್ತಾಗಿತ್ತು ಅಬ್ಬೆ. ಬಿಣಗಾದಲ್ಲಿ ನೀರು ಕುಡ್ಕಂಡು ಬಂದ್ರೆ ಮನೆ ನೀರು ಉಪ್ಪು ಅನಿಸ್ತಿತ್ತು," ಎಂದ.

"ಹೇಳೂಕೆ ಏನು ಧಾಡಿ ಆಗಿತ್ತು ನಿಂಗೆ?" ಕಾಮಿ ಕೊಡ ತಂದು ಅವನ ಕೈಗೆ ಕೊಟ್ಟಳು. "ಹೋಗು, ಗುಡ್ಡೆ ಬುಡದ ಬಾವಿಂದ ಸಿಹಿ ನೀರು ತಕಂಡು ಬಾ. ಹೆರಿಗೆ ಆಗೂ ತನಕ ಅಲ್ಲ, ಮಳೆ ಬಂದು ನಮ್ಮ ಬಾವಿ ಸರಿಯಾಗೂ ತನಕ!"

ಅಂದಿನಿಂದ ಆ ಮನೆಯಲ್ಲಿ ಗುಡ್ಡದ ಬುಡದ ನೀರನ್ನೇ ಒಂದು ಕುದಿ ಬರಿಸಿ ಆರಿಸಿ ಕುಡಿಯುತ್ತಾರೆ. ಗಂಜಿಯ ಜೊತೆಗಿನ ಒಣಮೀನು, ಉಪ್ಪಿನಕಾಯಿಯೂ ಕಡಿಮೆಯಾದವು. ವೀಣಾ ಮಾತ್ರೆ ತಪ್ಪಿಸಲಿಲ್ಲ, ತಪಾಸಣೆ ತಪ್ಪಿಸಲಿಲ್ಲ. ಬಿಪಿ ಹತೋಟಿಗೆ ಬಂತು. ಆಸ್ಪತ್ರೆಯಲ್ಲೇ ಹೆರಿಗೆಯಾಗಿ ತಾಯಿ ಮಗಳು ಇಬ್ಬರೂ ಕ್ಷೇಮವಾಗಿ ಮನೆಗೆ ಬಂದರು.

ಅಕ್ಕ ತಂಗಿಯರೇ, ಹೊಳೆಬದಿಯ, ಕಡಲಬದಿಯ ನಮ್ಮ ಬಾವಿಗಳನ್ನು ಈ ಬೇಸಿಗೆಯಲ್ಲಿ ಒಮ್ಮೆ ಪರೀಕ್ಷೆ ಮಾಡಿಸೋಣ. ಪಂಚಾಯತಿಯಲ್ಲಿ ವಿಚಾರಿಸಿ. ಎಷ್ಟು ಕುದಿಸಿದರೂ ಉಪ್ಪು ಹೋಗುವುದಿಲ್ಲ, ಬತ್ತಿಸಿದಷ್ಟೂ ಹೆಚ್ಚುತ್ತದೆ ಎಂಬುದನ್ನು ಮರೆಯಬೇಡಿ. ಬಸುರಿಗೆ ತಲೆನೋವು, ಕಣ್ಣು ಮಂಜು, ಮುಖ ಕೈ ಊತ ಕಂಡರೆ ಮನೆಮದ್ದು ಮಾಡುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಹೊರಡಿ. ಮತ್ತೆ, ಬೇರೆ ಊರಿಂದ ಬಂದ ಸೊಸೆ ನಿಮ್ಮ ಮನೆಯ ನೀರು ಉಪ್ಪು ಎಂದರೆ ದಯವಿಟ್ಟು ನಗಬೇಡಿ. ಅವಳ ಹೊಟ್ಟೆಯಲ್ಲಿರುವ ಕೂಸಿಗೆ ಹೇಳಲು ಬಾಯಿಲ್ಲ, ಅದರ ಪರವಾಗಿಯೂ ಅವಳೇ ಹೇಳಬೇಕು.