ಓಬವ್ವನ ಮನೆಯ ಸಿಂಹಗಳು

ಹರಿಹರದ ಡ್ರಾಯಿಂಗ್ ಟೀಚರ್ ವಾಣಿಗೆ ಭಾನುವಾರ ಬಂತೆಂದರೆ ಕಾಲು ನಿಲ್ಲುತ್ತಿರಲಿಲ್ಲ. ಬಸ್ಸು ಹತ್ತಿ ದಾವಣಗೆರೆಗೆ ಬಂದು, ವಿನೋಬನಗರದ ಒಂದು ಸಂದಿಯಲ್ಲಿ ಓಬವ್ವನ ಮನೆಯೆದುರು ಕತ್ತೆತ್ತಿ ನಿಂತುಬಿಡುವಳು. ಬಿರುಕು ಬಿಟ್ಟ ಮಾಳಿಗೆಯ ಅಂಚಿನಲ್ಲಿ ಗಾರೆಯ ಎರಡು ಸಿಂಹ, ನಡುವೆ ದೇವರಲ್ಲ, ಗಾರೆಯದೇ ಒಂದು ರೇಡಿಯೊ! ಹತ್ತಿ ಮಿಲ್ಲಿನಲ್ಲಿದ್ದ ಓಬವ್ವನ ಮಾವ, ನಿಜವಾದ ರೇಡಿಯೊ ಕೊಳ್ಳಲಾಗದೆ ಮಾಡಿಸಿಟ್ಟದ್ದು ಎಂದು ಎದುರಂಗಡಿಯವರು ಹೇಳಿದ್ದರು. ಎಡಗಡೆಯ ಸಿಂಹವಂತೂ ಕಿವಿ ವಾಲಿಸಿ ವಾರ್ತೆ ಕೇಳುತ್ತಿರುವ ಹಾಗೇ ಇತ್ತು.

ಇಂಥದ್ದು ಇನ್ನೆಲ್ಲೂ ಇಲ್ಲ, ಒಮ್ಮೆ ಬಂದು ನೋಡಿ ಎಂದು ವಾಣಿ ಸ್ಟಾಫ್ ರೂಮಿನಲ್ಲಿ ವರ್ಷವಿಡೀ ಬಾಯಿ ನೋಯಿಸಿಕೊಂಡಳು. "ಹಳೇ ಗೋಡೆ ನೋಡಾಕ ಬಸ್ ಚಾರ್ಜ್ ಯಾಕ್ರಿ ದಂಡ?" ಎಂದು ನಕ್ಕವರೇ ಎಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದ್ದೇ ಬಂತು. ಕೊನೆಗೆ ಕಾಟ ತಾಳಲಾರದೆ ಗಣಿತದ ನಾಗಭೂಷಣ್ ಮೇಷ್ಟ್ರೂ ಇನ್ನು ಕೆಲವರೂ ಒಪ್ಪಿದರು. ವಾಣಿ ಹಿಗ್ಗಿ ಹೀರೇಕಾಯಿಯಾದಳು.

"ಅಜ್ಜಿ, ಮುಂದಿನ ಭಾನುವಾರ ನಿಮ್ಮನಿ ನೋಡಾಕ ಮಂದಿ ಕರ್ಕಂಬರ್ತೀನಿ" ಎಂದು ಓಬವ್ವನಿಗೂ ಹೇಳಿ ಬಂದಳು.

ಆ ಭಾನುವಾರ ಎಲ್ಲರನ್ನೂ ಕರೆತಂದು ಸಂದಿ ತಿರುಗಿದರೆ, ಸಿಂಹಗಳಿಲ್ಲ. ರೇಡಿಯೊ ಇಲ್ಲ. ಬುಡದಿಂದ ಮಾಳಿಗೆಯವರೆಗೆ ಥಳಥಳಿಸುವ ಕಂದು ಟೈಲ್ಸ್. ಹೊಸ ಸೀರೆಯುಟ್ಟ ಓಬವ್ವ ಬಾಗಿಲಲ್ಲೇ ನಿಂತಿದ್ದಳು.

"ಬರ್ರಿ ಟೀಚರ್, ಹೆಂಗೈತ್ರಿ?"

ವಾಣಿಯ ಸಿಟ್ಟು ನೆತ್ತಿಗೇರಿತು. "ಅಯ್ಯೋ ಅಜ್ಜಿ, ಸಿಂಹ ಯಾಕ ಕೆಡವಿಸಿದ್ರಿ?"

"ಮತ್ತೇನ್ರಿ? ವಾರ ವಾರ ಬಂದು ಆ ಬಿರುಕನ್ನೇ ನೋಡ್ಕಂತ ನಿಲ್ತಿದ್ರಿ. ನಾಚಿಕಿಯಾಗಿ ನಾನು ಒಳಗೆ ಸೇರ್ಕಂತಿದ್ದೆ. ಈಗ ಮಂದೀನೂ ಕರ್ಕಂಬರ್ತೀನಿ ಅಂದ್ರಿ. ಅವರ ಮುಂದೆ ಮಾನ ಹೋಗಬಾರ್ದಲ್ರಿ?"

ವಾಣಿ ಆ ಮನೆ ಚೆಂದ ಎಂದು ಊರಿಗೆಲ್ಲ ಸಾರಿದ್ದಳು, ಮನೆಯಾಕೆಗೆ ಮಾತ್ರ ಒಂದು ಮಾತು ಹೇಳಿರಲಿಲ್ಲ.

ನಾಗಭೂಷಣ್ ಮೇಷ್ಟ್ರು ಟೈಲ್ಸ್ ಸವರಿ ನೋಡಿದರು. "ಇದಕ್ಕೇನಾ ಮೇಡಂ ಅಷ್ಟು ಗೋಗರೆದಿದ್ದು? ನೋಡೋ ಹಂಗೇ ಐತೆ ಬಿಡ್ರಿ!"

ಓಬವ್ವನ ಮುಖ ಅರಳಿತು. ವಾಣಿಯ ಕಡೆ ತಿರುಗಿ ಕಾದು ನಿಂತಳು.

"ಚೆಂದ ಐತೆ ಅಜ್ಜಿ" ಎಂದಳು ವಾಣಿ. ಓಬವ್ವ ಎಲ್ಲರಿಗೂ ಮಂಡಕ್ಕಿ ಮಿರ್ಚಿ ಕೊಟ್ಟು ಕಳಿಸಿದಳು.

ವಾಪಸು ಬರುವಾಗ ಪಕ್ಕದ ಸಂದಿಯಲ್ಲಿ ಇನ್ನೊಂದು ಹಳೇ ಮನೆ, ಬಾಗಿಲ ಮೇಲೆ ಗರಿ ಬಿಚ್ಚಿದ ಗಾರೆಯ ನವಿಲು. ವಾಣಿಯ ಕತ್ತು ತಾನಾಗಿ ಮೇಲೆದ್ದಿತು. ಕಟ್ಟೆಯ ಮೇಲೆ ಕೂತ ಹೆಂಗಸು ಅವಳನ್ನೇ ನೋಡುತ್ತಿದ್ದಳು. ವಾಣಿ ಥಟ್ಟನೆ ತಲೆ ತಗ್ಗಿಸಿ, ನೆಲ ನೋಡುತ್ತ ಬಿರಬಿರನೆ ನಡೆದುಬಿಟ್ಟಳು.